ಫಿಸಿಯೋಥೆರಪಿ ಚೆನ್ನಾಗಿದೆ, ಪೆಪ್ಟೈಡ್ ಚುಚ್ಚುಮದ್ದು ಬೇಡ
ಕುಸ್ತಿಯಲ್ಲಿ ಭುಜದ ಸ್ನಾಯುರಜ್ಜಿಗೆ ಪೆಟ್ಟು ಮಾಡಿಕೊಂಡ ತಮ್ಮನನ್ನು ಬೆಳಗಾವಿಯ ಕ್ರೀಡಾ ಚಿಕಿತ್ಸಾಲಯವೊಂದಕ್ಕೆ ಕರೆದೊಯ್ದಿದ್ದೆವು. ಅಲ್ಲಿನ ಫಿಸಿಯೋಥೆರಪಿ ನಿಜಕ್ಕೂ ಉತ್ತಮವಾಗಿದೆ. ರಬ್ಬರ್ ಪಟ್ಟಿ ಎಳೆಯುವಾಗ ಮೊಣಕೈ ಪಕ್ಕೆಗೆ ತಾಗಿದೆಯೇ ಎಂದು ಪ್ರತಿ ಸಲವೂ ಕೈಯಿಟ್ಟು ನೋಡಿ, ಭಾರವನ್ನು ಹಂತ ಹಂತವಾಗಿಯೇ ಹೆಚ್ಚಿಸುತ್ತಾರೆ. ಆದರೆ ಬೇಗ ಗುಣವಾಗಲೆಂದು ಬಿಪಿಸಿ-157 ಎಂಬ ಪೆಪ್ಟೈಡ್ (ಅಮೈನೋ ಆಮ್ಲಗಳ ಕಿರು ಸರಪಳಿ) ಚುಚ್ಚುಮದ್ದನ್ನು ಸೂಚಿಸಿದ್ದು ನನಗೆ ಒಪ್ಪಿಗೆಯಾಗಲಿಲ್ಲ. ಇಲಿಗಳಲ್ಲಿ ಸ್ನಾಯುರಜ್ಜು ಬೇಗ ಕೂಡಿಕೊಂಡಿತೆಂದು ಹೇಳುವ ಅಧ್ಯಯನಗಳು ಹಲವಿದ್ದರೂ, ಮನುಷ್ಯರ ಮೇಲೆ ನಡೆದವು ಬೆರಳೆಣಿಕೆಯಷ್ಟು, ಅವೂ ತೀರ ಚಿಕ್ಕವು. ದೀರ್ಘಕಾಲದ ಸುರಕ್ಷತೆಗಂತೂ ಪುರಾವೆಯೇ ಇಲ್ಲ. ತೋರಿಸಿದ ಸೀಸೆಯ ಮೇಲೆಯೇ ‘ಸಂಶೋಧನೆಗೆ ಮಾತ್ರ’ ಎಂದು ಅಚ್ಚಾಗಿತ್ತು. ಮೇಲಾಗಿ, ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯಾದ ವಾಡಾ 2022ರಿಂದ ಅದನ್ನು ನಿಷೇಧಿತ ಪಟ್ಟಿಯಲ್ಲಿ ಹೆಸರಿಸಿದೆ. ಸ್ಪರ್ಧೆಗಿಳಿಯುವ ಪೈಲ್ವಾನನಿಗೆ ಇದನ್ನು ಮೊದಲೇ ತಿಳಿಸದಿರುವುದು ಗಂಭೀರ ಲೋಪ. ವ್ಯಾಯಾಮ ಚಿಕಿತ್ಸೆಗೆ ಖಂಡಿತ ಹೋಗಬಹುದು, ಚುಚ್ಚುಮದ್ದನ್ನು ಮಾತ್ರ ಬೇಡವೆನ್ನಿ.