ಅರೆ-ಸ್ವಯಂಚಾಲಿತ ಕಾರು: ಬ್ರೇಕ್ ಅದರದು, ಹೊಣೆ ನನ್ನದು

ಈ ಕಾರು ಕೊಂಡು ವರ್ಷಗಳೇ ಆದವು. ಮೈಲೇಜು, ಸೀಟು, ಡಿಕ್ಕಿಯ ಜಾಗದ ಬಗ್ಗೆ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ, ನನ್ನ ತಕರಾರೇನೂ ಇಲ್ಲ. ಲೇನ್ ಹಿಡಿದು ಹೋಗುವ, ಮುಂದಿನ ವಾಹನಕ್ಕೆ ತಕ್ಕಂತೆ ವೇಗ ಹೊಂದಿಸಿಕೊಳ್ಳುವ, ಅಪಾಯ ಕಂಡರೆ ತಾನೇ ಬ್ರೇಕ್ ಹಾಕುವ ಅದರ ವ್ಯವಸ್ಥೆ ಬಗ್ಗೆ ಮಾತ್ರ ಬರೆಯುತ್ತೇನೆ. ವಾಹನ ಎಂಜಿನಿಯರುಗಳ ಸಂಸ್ಥೆ ಎಸ್‌ಎಇ, ಕಾರು ಎಷ್ಟರಮಟ್ಟಿಗೆ ತಾನೇ ಓಡುತ್ತದೆ ಎಂದು ಅಳೆಯುವ ಲೆಕ್ಕದಲ್ಲಿ ಇದು ಲೆವೆಲ್ 2. ಅಂದರೆ ಕಾರು ಎಷ್ಟೇ ಜಾಣತನ ತೋರಿಸಿದರೂ ರಸ್ತೆಯ ಮೇಲೆ ಕಣ್ಣಿಡಬೇಕಾದವರು ನಾವೇ.

ಕಾರು ಹತ್ತಿದವರೆಲ್ಲ ಕೇಳುವುದು ಒಂದೇ: "ಮಗು ಒಂದು ಕಡೆ, ಮುದುಕ ಇನ್ನೊಂದು ಕಡೆ ಇದ್ದರೆ ಯಾರನ್ನ ಉಳಿಸುತ್ತೆ?" ಬ್ರೇಕಿಲ್ಲದ ಟ್ರಾಲಿಯನ್ನು ಐವರ ಮೇಲೆ ಹೋಗಲು ಬಿಡಬೇಕೋ, ಒಬ್ಬನಿರುವ ಹಳಿಗೆ ತಿರುಗಿಸಬೇಕೋ ಎಂದು 1967ರಲ್ಲಿ ತತ್ವಜ್ಞಾನಿ ಫಿಲಿಪ್ಪಾ ಫುಟ್ ಮುಂದಿಟ್ಟ ಟ್ರಾಲಿ ಸಮಸ್ಯೆಯೇ ಇದು, ವೇಷ ಮಾತ್ರ ಬೇರೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ 'ಮಾರಲ್ ಮಷೀನ್' ಎಂಬ ಆನ್‌ಲೈನ್ ಸಮೀಕ್ಷೆ ಇದನ್ನೇ ಜಗತ್ತಿನ ಜನರ ಮುಂದಿಟ್ಟು ಸುಮಾರು 4 ಕೋಟಿ ತೀರ್ಪು ಕಲೆಹಾಕಿತು, 2018ರಲ್ಲಿ 'ನೇಚರ್' ವಿಜ್ಞಾನ ಪತ್ರಿಕೆಯಲ್ಲಿ ಫಲಿತಾಂಶ ಬಂತು. ನನ್ನ ಕಾರಿಗಾದರೋ ಮಗುವೂ ಗೊತ್ತಿಲ್ಲ, ಮುದುಕನೂ ಗೊತ್ತಿಲ್ಲ. ಪರದೆ ಮೇಲೆ ಎಲ್ಲರೂ ಒಂದೇ ಅಚ್ಚಿನ ಬೂದು ಗೊಂಬೆ. ಒಂದು ಲೆಕ್ಕಕ್ಕೆ ಅದೇ ವಾಸಿ: ವಯಸ್ಸು, ಲಿಂಗ ನೋಡಿ ಜೀವ ಆರಿಸುವಂತಿಲ್ಲ ಎಂದು ಸ್ವಯಂಚಾಲಿತ ವಾಹನಗಳ ಕುರಿತ ಜರ್ಮನಿಯ ನೈತಿಕತೆ ಆಯೋಗವೂ 2017ರಲ್ಲೇ ಹೇಳಿದೆ.

ಇಷ್ಟು ದಿನ ಓಡಿಸಿದ ಮೇಲೆ ನನಗನಿಸಿದ್ದು, ಜೀವದ ಪ್ರಶ್ನೆ ಅಡಗಿರುವುದು ಬ್ರೇಕ್ ಎಷ್ಟು ಬೇಗ ಬೀಳಬೇಕು ಎಂಬಲ್ಲಿ. ಸೆಟ್ಟಿಂಗ್ಸ್‌ನಲ್ಲಿ 'ಬೇಗ, ಮಧ್ಯಮ, ತಡವಾಗಿ' ಎಂದು ಮೂರು ಆಯ್ಕೆ ಇವೆ. ಅದು ಬರೀ ಎಚ್ಚರಿಕೆಯ ಸದ್ದಿಗೆ. ಬ್ರೇಕಿನ ತೀರ್ಮಾನವನ್ನು ಕಂಪನಿಯವರೇ ಇಟ್ಟುಕೊಂಡಿದ್ದಾರೆ.

ಒಮ್ಮೆ ಹೆದ್ದಾರಿಯಲ್ಲಿ ಮೇಲ್ಸೇತುವೆಯ ನೆರಳಿಗೆ ಬರುತ್ತಿದ್ದಂತೆ ಕಾರು ಗಕ್ಕನೆ ಬ್ರೇಕ್ ಹಾಕಿತು. ಸೀಟ್‌ಬೆಲ್ಟ್ ಎದೆಗೆ ಬಿಗಿಯಿತು, ಪಕ್ಕದ ಸೀಟಿನ ನೀರಿನ ಬಾಟಲಿ ಕೆಳಗುರುಳಿತು. ಮುಂದೆ ನರಪಿಳ್ಳೆಯೂ ಇರಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಹಿಂದಿದ್ದ ಬೈಕಿನವನು ಓಲಾಡಿ, ಹೇಗೋ ಸಾವರಿಸಿಕೊಂಡು, ಕೈ ಎತ್ತಿ ಬೈಯುತ್ತ ಮುಂದೆ ಹೋದ. ನಾನಾಗಿದ್ದರೂ ಬೈಯುತ್ತಿದ್ದೆ. ಅವನೇನು ಈ ಕಾರು ಕೊಂಡಿರಲಿಲ್ಲ, ಯಾವ ಷರತ್ತಿಗೂ 'ಒಪ್ಪಿದೆ' ಅಂತ ಒತ್ತಿರಲಿಲ್ಲ.

ಹಾಗಂತ ಇಂಥ ಸುಳ್ಳು ಬ್ರೇಕ್ ಬೀಳದಂತೆ ಮಾಡಿಬಿಡಲಿ ಎನ್ನಲೂ ಧೈರ್ಯ ಸಾಲದು. 2018ರ ಮಾರ್ಚ್‌ನಲ್ಲಿ ಅಮೆರಿಕದ ಟೆಂಪಿಯಲ್ಲಿ ಊಬರ್‌ನ ಸ್ವಯಂಚಾಲಿತ ಪರೀಕ್ಷಾ ಕಾರು, ರಾತ್ರಿ ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಗುದ್ದಿತು, ಆಕೆ ಉಳಿಯಲಿಲ್ಲ. ಅಲ್ಲಿನ ಸಾರಿಗೆ ಅಪಘಾತಗಳ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ ಪ್ರಕಾರ ಡಿಕ್ಕಿಗೆ 5.6 ಸೆಕೆಂಡ್ ಮೊದಲೇ ಕಾರಿಗೆ ಆಕೆ ಕಂಡಿದ್ದರು. ವಾಹನ, ಏನೋ ವಸ್ತು, ಸೈಕಲ್ ಎಂದು ಅದು ಹೆಸರು ಬದಲಿಸುತ್ತ ಹೋಯಿತು. ಅಪಾಯ ಖಚಿತ ಎಂದು ಗೊತ್ತಾದ ಮೇಲೂ ಒಂದು ಸೆಕೆಂಡ್ ಕಾಯಿತು. ಸುಳ್ಳು ಎಚ್ಚರಿಕೆಗೆಲ್ಲ ಬ್ರೇಕ್ ಬೀಳಬಾರದೆಂದು ಹಾಗೆ ಪ್ರೋಗ್ರಾಂ ಮಾಡಿದ್ದರು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡ್ ಅಂದರೆ 16 ಮೀಟರ್‌ಗೂ ಹೆಚ್ಚು. ಮಗುವೋ ಮುದುಕನೋ ಎಂಬ ಪ್ರಶ್ನೆ ಅಲ್ಲಿ ಏಳಲೇ ಇಲ್ಲ.

ಕೊನೆಗೆ ಕಂಪನಿಯ ಮೇಲೆ ಕ್ರಿಮಿನಲ್ ಕೇಸಾಗಲಿಲ್ಲ. ಕಾರಿನ ಮೇಲೆ ನಿಗಾ ಇಡಬೇಕಿದ್ದ ಚಾಲಕಿ 2023ರಲ್ಲಿ ತಪ್ಪೊಪ್ಪಿಕೊಂಡು ಶಿಕ್ಷೆಗೊಳಗಾದರು. ಆಕೆಯ ಗಮನ ರಸ್ತೆ ಮೇಲಿರಲಿಲ್ಲ ನಿಜ. ಆದರೆ ಆ ಒಂದು ಸೆಕೆಂಡ್ ಬರೆದದ್ದು ಆಕೆಯಲ್ಲ. ನನ್ನ ಕಾರಿನ ಕೈಪಿಡಿಯಲ್ಲೂ ಪುಟಪುಟಕ್ಕೆ 'ಹೊಣೆ ಚಾಲಕರದೇ' ಎಂಬ ಧಾಟಿಯೇ. ಬ್ರಿಟನ್ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿದೆ: ಅದರ 2024ರ ಕಾಯ್ದೆ ಪ್ರಕಾರ, ಅನುಮತಿ ಪಡೆದ ಕಾರು ತಾನೇ ಓಡುತ್ತಿರುವಾಗ ಅದು ಓಡಿದ ರೀತಿಗೆ ಸೀಟಿನಲ್ಲಿರುವವರ ಮೇಲೆ ಕೇಸು ಹಾಕುವಂತಿಲ್ಲ. ಲೆವೆಲ್ 2 ಕಾರಿಗೆ ಇದು ಅನ್ವಯಿಸುವುದಿಲ್ಲ, ಜಾಹೀರಾತಿನಲ್ಲಿ ಸ್ಟೀರಿಂಗ್ ಬಿಟ್ಟು ನಗುವವರನ್ನು ತೋರಿಸಿದರೂ.

ನನಗೆ ಎಲ್ಲಕ್ಕಿಂತ ಸಿಟ್ಟು ತರಿಸಿದ್ದು ಸಾಫ್ಟ್‌ವೇರ್ ಅಪ್‌ಡೇಟ್. ಒಂದು ಬೆಳಿಗ್ಗೆ ನೋಡಿದರೆ ಬ್ರೇಕಿನ ಸ್ವಭಾವವೇ ಬದಲಾಗಿತ್ತು: ಮೊದಲಿಗಿಂತ ತಡವಾಗಿ, ಆದರೆ ಜೋರಾಗಿ ಹಿಡಿಯುತ್ತಿತ್ತು. ಟಿಪ್ಪಣಿಯಲ್ಲಿ ಇದ್ದದ್ದು 'ಸುರಕ್ಷತೆ ಸುಧಾರಿಸಲಾಗಿದೆ' ಎಂಬ ಎರಡೇ ಪದ. ಯಾರ ಸುರಕ್ಷತೆ, ಒಳಗಿರುವ ನನ್ನದೋ ಹಿಂದೆ ಬರುವವನದೋ? ಸರ್ವಿಸ್ ಸೆಂಟರಿನವರಿಗೂ ಗೊತ್ತಿರಲಿಲ್ಲ, ಪಾಪ.

ಮಾರಿಬಿಡುತ್ತೀರಾ ಎಂದರೆ, ಇಲ್ಲ. ಮುಂದಿನ ಕಾರು ದಿಢೀರನೆ ನಿಂತಾಗ ನನ್ನ ಕಾಲು ಪೆಡಲ್ ಮುಟ್ಟುವ ಮೊದಲೇ ಇದು ನಿಂತದ್ದುಂಟು. ದೂರದ ಪ್ರಯಾಣದಲ್ಲಿ ಸುಸ್ತೂ ಕಡಿಮೆ. ಕಾರಿಗೆ ನಾಲ್ಕು ಸ್ಟಾರ್, ಕೈಪಿಡಿಗೂ ಅಪ್‌ಡೇಟ್ ಟಿಪ್ಪಣಿಗೂ ಸೇರಿ ಒಂದು. ಕೊಳ್ಳುವವರು ಟೆಸ್ಟ್ ಡ್ರೈವ್‌ಗೆ ಹೋದಾಗ, ಅಪ್‌ಡೇಟ್ ಬಂದರೆ ಬ್ರೇಕಿನಲ್ಲಿ ಏನು ಬದಲಾಯಿತೆಂದು ಬರಹದಲ್ಲಿ ಕೊಡುತ್ತೀರಾ ಎಂದು ಕೇಳಿ ನೋಡಿ.