ಕ್ಯಾಮೆರಾ ಮುಟ್ಟದೆ ಶಟರ್ ಒತ್ತಲು: ಹಳೆಯ ಕೇಬಲ್‌ನಿಂದ ಬ್ಲೂಟೂತ್ ರಿಮೋಟ್‌ವರೆಗೆ

ಟ್ರೈಪಾಡ್ ಮೇಲಿಟ್ಟು ತೆಗೆದ ಚಿತ್ರವೂ ಅಲುಗಿರುವುದಕ್ಕೆ ಎರಡು ಕಾರಣ: ಒತ್ತುವ ಬೆರಳು, ಕ್ಯಾಮೆರಾದೊಳಗೆ ಮೇಲೇಳುವ ಮಿರರ್ (ಕನ್ನಡಿ). ಇವುಗಳ ಕಾಟ ಹೆಚ್ಚು ಕಾಣುವುದು ಶಟರ್ ಸುಮಾರು 1/15 ಸೆಕೆಂಡಿನಿಂದ 1 ಸೆಕೆಂಡಿನವರೆಗೆ ತೆರೆದಿರುವಾಗ. 30 ಸೆಕೆಂಡಿನ ಎಕ್ಸ್‌ಪೋಶರ್‌ನಲ್ಲಿ ಮೊದಲ ಅರೆಗಳಿಗೆಯ ನಡುಕ ಲೆಕ್ಕಕ್ಕೇ ಬರುವುದಿಲ್ಲ. ವಸ್ತು ಸ್ಥಿರವಾಗಿದ್ದರೆ ಬೆರಳಿನ ನಡುಕ ತಪ್ಪಿಸಲು ಕ್ಯಾಮೆರಾದೊಳಗಿನ 2 ಸೆಕೆಂಡಿನ ಟೈಮರ್ ಸಾಕು, ಬೇರೇನೂ ಕೊಳ್ಳಬೇಡಿ. ಮಿಂಚು, ಗಾಳಿಗೆ ತೂಗುವ ಹೂವು, ಗೂಡಿಗೆ ಬರುವ ಹಕ್ಕಿ, ಬಲ್ಬ್ ಮೋಡ್‌ನ (ಗುಂಡಿ ಒತ್ತಿರುವವರೆಗೂ ಶಟರ್ ತೆರೆದೇ ಇರುವ) ಉದ್ದ ಎಕ್ಸ್‌ಪೋಶರ್, ಇವಕ್ಕೆ ಮಾತ್ರ ರಿಮೋಟ್ ಬೇಕೇ ಬೇಕು.

ಫಿಲ್ಮ್ ಕ್ಯಾಮೆರಾ ಇರುವವರ ಕೆಲಸ ಸುಲಭ. ಪೆಂಟಾಕ್ಸ್ ಕೆ1000, ನಿಕಾನ್ ಎಫ್‌ಎಂ2, ಕ್ಯಾನನ್ ಎಇ-1, ಹ್ಯಾಸಲ್‌ಬ್ಲಾಡ್ 500ಸಿ, ಎಲ್ಲದರ ಶಟರ್ ಗುಂಡಿಯಲ್ಲೂ ಮೊನೆಗೆ ಬರುತ್ತ ಸಣ್ಣಗಾಗುವ ಒಂದೇ ಬಗೆಯ ತಿರುಪಿನ ತೂತು ಇದೆ. ಹಿಡಿ ಒತ್ತಿದರೆ ತುದಿಯ ಸೂಜಿ ಹೊರಬಂದು ಶಟರ್ ಬೀಳಿಸುವ ಒಂದೇ ಕೇಬಲ್ ಎಲ್ಲಕ್ಕೂ ಆಗುತ್ತದೆ. ಮುಖ್ಯವಾದ ಅಪವಾದ ಎರಡು. ನಿಕಾನ್ ಎಫ್ ಮತ್ತು ಎಫ್2ಗೆ ಗುಂಡಿಯ ಸುತ್ತಲಿನ ಬಳೆಗೆ ಹೊರಗಿನಿಂದ ತಿರುಗಿಸಿ ಕೂರಿಸುವ ಎಆರ್-2 ಕೇಬಲ್ ಬೇಕು. ಎಂ3ಗಿಂತ ಹಳೆಯ, ತಿರುಪು ಲೆನ್ಸಿನ ಲೈಕಾಗಳಲ್ಲಿ ಗುಂಡಿಯ ಸುತ್ತಲಿನ ಕಾಲರ್ ಬಿಚ್ಚಿ, ಗಂಟೆಯಾಕಾರದ ಅಡಾಪ್ಟರ್ ಹಾಕಬೇಕು. ಈ ಅಡಾಪ್ಟರ್ ಹಾಕಿದರೆ ಎಫ್, ಎಫ್2ಗಳಿಗೂ ಸಾಮಾನ್ಯ ಕೇಬಲ್ ಹೊಂದುತ್ತದೆ.

ಕೇಬಲ್ ಕೊಳ್ಳುವಾಗ 20 ಸೆಂ.ಮೀ.ನದ್ದು ಬೇಡ. ಅದು ಸೆಟೆದು ನಿಂತು ಕೈಯ ನಡುಕವನ್ನು ಹಾಗೇ ಕ್ಯಾಮೆರಾಗೆ ದಾಟಿಸುತ್ತದೆ. 40ರಿಂದ 50 ಸೆಂ.ಮೀ. ಇದ್ದು, ಸಡಿಲವಾಗಿ ಇಳಿಬಿದ್ದಿರಬೇಕು. ಬಟ್ಟೆಯ ಹೊದಿಕೆಯ ಕೇಬಲ್ ನಮಗೆ ಹೆಚ್ಚು ಇಷ್ಟ, ಅಗ್ಗದ ಪ್ಲಾಸ್ಟಿಕ್ ಹೊದಿಕೆಯದಕ್ಕಿಂತ ಮೆತ್ತಗೆ ಬಾಗುತ್ತದೆ. ಒತ್ತಿದ್ದನ್ನು ಹಾಗೇ ಹಿಡಿದಿಡುವ ಲಾಕ್ ಎರಡು ಬಗೆ: ಸಣ್ಣ ತಿರುಪು ಬಿಗಿಯುವುದು, ಬಿಲ್ಲೆಯೊಂದು ತಾನಾಗಿ ಹಿಡಿದುಕೊಳ್ಳುವುದು. ಬಿಲ್ಲೆಯದನ್ನೇ ತೆಗೆದುಕೊಳ್ಳಿ, ಕತ್ತಲಲ್ಲಿ ತಿರುಪು ಬಿಗಿಯಲು ಹೋದರೆ ಕ್ಯಾಮೆರಾ ಮತ್ತೆ ಅಲುಗುತ್ತದೆ.

ಕ್ಯಾಮೆರಾಗೆ ಹಾಕುವ ಮೊದಲು ಕೇಬಲ್ಲನ್ನು ಕೈಯಲ್ಲೇ ಪೂರ್ತಿ ಒತ್ತಿ, ಸೂಜಿ ಎಷ್ಟು ಹೊರಬರುತ್ತದೆ ನೋಡಿ. ಕಡಿಮೆ ಬಂದರೆ ಶಟರ್ ಬೀಳುವುದಿಲ್ಲ. ಹೆಚ್ಚು ಬಂದಾಗ ಜೋರಾಗಿ ಒತ್ತಿದರೆ ಒಳಗಿನ ಭಾಗಕ್ಕೇ ಪೆಟ್ಟು. ಇದು ಮುಖ್ಯವಾಗಿ ಹೊಸ ಕ್ಯಾಮೆರಾಗಳ ವಿಷಯಕ್ಕೆ ಹೇಳುವ ಮಾತು, ಏಕೆಂದರೆ ಫ್ಯೂಜಿಫಿಲ್ಮ್ ಎಕ್ಸ್100, ಎಕ್ಸ್-ಟಿ2, ಎಕ್ಸ್-ಟಿ3, ನಿಕಾನ್ ಡಿಎಫ್‌ಗಳ ಗುಂಡಿಯಲ್ಲೂ ಇದೇ ಹಳೆಯ ತೂತಿದೆ. ಅಲ್ಲಿ ಸೂಜಿ ಒತ್ತುವುದು ಸೂಕ್ಷ್ಮವಾದ ಎಲೆಕ್ಟ್ರಾನಿಕ್ ಸ್ವಿಚ್ಚನ್ನು. ಮೆಲ್ಲಗೆ ಒತ್ತಿ, ಶಟರ್ ಸದ್ದು ಕೇಳಿದ ಕೂಡಲೇ ನಿಲ್ಲಿಸಿ. ತಿರುಪನ್ನೂ ಬೆರಳ ತುದಿಯಲ್ಲಿ ನಿಲ್ಲುವಷ್ಟೇ ಬಿಗಿಯಿರಿ.

ಎಇ-1ರಲ್ಲಿ ಕೇಬಲ್ ಒತ್ತಿದರೂ ಏನೂ ಆಗದಿದ್ದರೆ ತಪ್ಪು ಕೇಬಲ್ಲಿನದೇ ಇರಬೇಕೆಂದಿಲ್ಲ. 6 ವೋಲ್ಟಿನ ಬ್ಯಾಟರಿ ಸತ್ತರೆ ಆ ಕ್ಯಾಮೆರಾದ ಶಟರ್ ಬೀಳುವುದೇ ಇಲ್ಲ. ಎಫ್‌ಎಂ2ರ ಶಟರ್ ಪೂರ್ತಿ ಯಾಂತ್ರಿಕ, ಬಲ್ಬ್‌ನಲ್ಲಿ ರಾತ್ರಿಯಿಡೀ ತೆರೆದಿಟ್ಟರೂ ಬ್ಯಾಟರಿ ಬೇಕಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಕೇಬಲ್ ಒಳಗಿನ ತಂತಿಗೆ ತುಕ್ಕು ಹಿಡಿಯುತ್ತದೆ. ಒತ್ತಿದ್ದು ವಾಪಸು ಬರಲು ತಡವರಿಸಿದರೆ ಬಲ್ಬ್‌ನಲ್ಲಿ ಶಟರ್ ಮುಚ್ಚುವುದೂ ತಡವಾಗುತ್ತದೆ. ಅಂಥದ್ದನ್ನು ಎಣ್ಣೆ ಹಾಕಿ ಉಳಿಸಿಕೊಳ್ಳಬೇಡಿ, ಎಣ್ಣೆ ಸೂಜಿಯ ಗುಂಟ ಕ್ಯಾಮೆರಾದೊಳಕ್ಕೆ ಇಳಿಯುತ್ತದೆ. ಬದಲಿಸಿ.

ದೂರದಿಂದ ಒತ್ತಲು ರಬ್ಬರ್ ಬುಡ್ಡೆಯ ಗಾಳಿ ರಿಲೀಸ್ ಇನ್ನೂ ಸಿಗುತ್ತದೆ, ಸುಮಾರು 6 ಮೀಟರ್ ಕೊಳವೆಯೊಂದಿಗೆ. ಹಿಸುಕಿದ್ದಕ್ಕೂ ಶಟರ್ ಬೀಳುವುದಕ್ಕೂ ನಡುವೆ ಅಂತರ ಇರುವುದರಿಂದ ಹಾರುವ ಹಕ್ಕಿಗೆ ಆಗದು. ರಬ್ಬರ್ ಬಿರುಕು ಬಿಟ್ಟು ಗಾಳಿ ಸೋರಿದರೆ ಬಲ್ಬ್ ಎಕ್ಸ್‌ಪೋಶರ್ ಅರ್ಧಕ್ಕೇ ಮುಗಿಯುತ್ತದೆ.

ಡಿಜಿಟಲ್‌ನಲ್ಲಿ ನಮ್ಮ ಮೊದಲ ಆಯ್ಕೆ ತಂತಿಯ ರಿಮೋಟ್. ಬರಿಯ ಸ್ವಿಚ್ಚಿನದಕ್ಕೆ ಬ್ಯಾಟರಿ ಬೇಡ, ಜೋಡಿಸುವ ರಗಳೆಯಿಲ್ಲ, ತಡವಿಲ್ಲ. ತೊಂದರೆ ಇರುವುದು ಪಿನ್ನಿನಲ್ಲಿ. ಕ್ಯಾನನ್‌ನಲ್ಲೇ ಎರಡು ಬಗೆ: 700ಡಿ, 80ಡಿ, ಆರ್6ಗಳಿಗೆ 2.5 ಮಿ.ಮೀ. ಜ್ಯಾಕಿನ ಇ3, 5ಡಿ ಮಾರ್ಕ್ 3, 7ಡಿ, ಆರ್5ಗಳಿಗೆ ಮೂರು ಪಿನ್ನಿನ ಎನ್3. ನಿಕಾನ್ ಡಿ7000, ಡಿ750, ಝಡ್6ಗಳಿಗೆ ಡಿಸಿ2. ಡಿ700, ಡಿ850, ಝಡ್9ಗಳಿಗೆ ಹತ್ತು ಪಿನ್. ನಿಕಾನ್ ಝಡ್50ಯಲ್ಲಿ ತಂತಿಗೆ ಜಾಗವೇ ಇಲ್ಲ, ಎಂಎಲ್-ಎಲ್7 ಬ್ಲೂಟೂತ್ ರಿಮೋಟೇ ಗತಿ. ಪೆಂಟಾಕ್ಸ್ ಕೆ-5, ಕೆ-3ಗಳಲ್ಲಿ ಕ್ಯಾನನ್ ಇ3 ಕೆಲಸ ಮಾಡುತ್ತದೆ. ಪ್ಯಾನಸಾನಿಕ್ ಜ್ಯಾಕ್ ನೋಡಲು ಅದೇ ರೀತಿ ಇದ್ದರೂ ಒಳಗೆ ರೆಸಿಸ್ಟರ್‌ಗಳ ಲೆಕ್ಕಾಚಾರವಿದೆ, ಕ್ಯಾನನ್‌ನದು ನಡೆಯುವುದಿಲ್ಲ.

ಬೆಸುಗೆ ಬಲ್ಲವರು ಇ3 ರಿಮೋಟನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಜ್ಯಾಕಿನ ತುದಿ ಶಟರ್, ನಡುವಿನ ಉಂಗುರ ಫೋಕಸ್, ಬುಡ ಗ್ರೌಂಡ್. ಉಂಗುರವನ್ನು ಬುಡಕ್ಕೆ ತಾಗಿಸಿದರೆ ಫೋಕಸ್, ಜೊತೆಗೆ ತುದಿಯನ್ನೂ ತಾಗಿಸಿದರೆ ಶಟರ್. ಎರಡು ಪುಶ್ ಬಟನ್ ಸಾಕು. ಹೊರಗಿನಿಂದ ವಿದ್ಯುತ್ ಮಾತ್ರ ಕೊಡಕೂಡದು.

ನಿಗದಿತ ಅಂತರದಲ್ಲಿ ತಾನಾಗಿ ಚಿತ್ರ ತೆಗೆಸುವ ಇಂಟರ್ವಲೋಮೀಟರ್ ಬೇಕಾದವರು ಕ್ಯಾಮೆರಾ ಕಡೆಯ ತಂತಿ ಬಿಚ್ಚಿ ಬದಲಿಸಬಹುದಾದ ಮಾದರಿಯನ್ನೇ ಕೊಳ್ಳಿ. ಮುಂದೆ ಬೇರೆ ಕಂಪನಿಯ ಕ್ಯಾಮೆರಾ ಬಂದರೂ ತಂತಿಯೊಂದನ್ನೇ ಕೊಂಡರಾಯಿತು. ಚಿತ್ರಗಳು ತಪ್ಪಿಹೋಗುವುದು ಹೆಚ್ಚಾಗಿ ಇಂಟರ್ವಲ್ ಲೆಕ್ಕದಿಂದ. ಕೆಲವು ಸಾಧನಗಳು ಒಂದು ಚಿತ್ರದ ಆರಂಭದಿಂದ ಮುಂದಿನದರ ಆರಂಭಕ್ಕೆ ಎಣಿಸುತ್ತವೆ, ಕೆಲವು ಮುಗಿದ ಮೇಲಿಂದ ಎಣಿಸುತ್ತವೆ. 5 ಸೆಕೆಂಡ್ ಎಕ್ಸ್‌ಪೋಶರ್, 8 ಸೆಕೆಂಡ್ ಇಂಟರ್ವಲ್ ಇಟ್ಟು ಗಡಿಯಾರ ಹಿಡಿದು ನೋಡಿ, ತಿಳಿಯುತ್ತದೆ. ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ ಆಫ್ ಇರಲಿ. ಆನ್ ಇದ್ದರೆ 30 ಸೆಕೆಂಡಿನ ಚಿತ್ರದ ನಂತರ ಕ್ಯಾಮೆರಾ ಇನ್ನೊಂದು 30 ಸೆಕೆಂಡ್ ಸುಮ್ಮನಿದ್ದುಬಿಡುತ್ತದೆ, ಅಷ್ಟರಲ್ಲಿ ಬಂದ ಆದೇಶ ವ್ಯರ್ಥ. ಆಟೋಫೋಕಸ್ ಕೂಡ ಆಫ್. ಕತ್ತಲಲ್ಲಿ ಫೋಕಸ್ ಸಿಗದಿದ್ದರೆ ಶಟರ್ ಬೀಳುವುದಿಲ್ಲ.

ಮುಂಗಾರಿಗೆ ಮುಂಚಿನ ಮಿಂಚುಹುಳುಗಳಿಗೆ, ನಕ್ಷತ್ರದ ಗೆರೆಗಳಿಗೆ ಇಂಟರ್ವಲೋಮೀಟರ್ ಇಲ್ಲದೆಯೂ ನಡೆಯುತ್ತದೆ. ಮ್ಯಾನುಯಲ್ ಮೋಡ್‌ನಲ್ಲಿ 30 ಸೆಕೆಂಡ್, ಡ್ರೈವ್ ಕಂಟಿನ್ಯೂಯಸ್, ಸಾದಾ ರಿಮೋಟಿನ ಗುಂಡಿ ಲಾಕ್. ಒಂದರ ಹಿಂದೊಂದು ಚಿತ್ರ ಬರುತ್ತಲೇ ಇರುತ್ತದೆ. ಕೆಲವು ನಿಕಾನ್‌ಗಳು 100 ಚಿತ್ರಕ್ಕೆ ನಿಲ್ಲುತ್ತವೆ, ಲಾಕ್ ಬಿಡಿಸಿ ಮತ್ತೆ ಒತ್ತಬೇಕು.

ಇನ್‌ಫ್ರಾರೆಡ್ ರಿಮೋಟ್‌ಗಳು ಅಗ್ಗ, ಹಗುರ. ನಿಕಾನ್ ಎಂಎಲ್-ಎಲ್3ಗೆ ಸಿಆರ್2025, ಕ್ಯಾನನ್ ಆರ್‌ಸಿ-6ಕ್ಕೆ ಸಿಆರ್2032 ಬ್ಯಾಟರಿ. ಸುಮಾರು 5 ಮೀಟರ್ ದೂರ, ಅದೂ ಬಿಸಿಲಿಲ್ಲದಾಗ. ಬಹುಪಾಲು ಕ್ಯಾಮೆರಾಗಳಲ್ಲಿ ಸಂವೇದಕ ಮುಂಭಾಗದಲ್ಲಿರುವುದರಿಂದ ಹಿಂದೆ ನಿಂತವರು ಕೈ ಚಾಚಿ ಮುಂದಿನಿಂದ ಒತ್ತಬೇಕು. ನಿಕಾನ್ ಡಿ90ಯಂಥವು ಒಂದು ನಿಮಿಷ ಸುಮ್ಮನಿದ್ದರೆ ರಿಮೋಟ್ ಮೋಡ್‌ನಿಂದ ತಾವೇ ಹೊರಬರುತ್ತವೆ. ಮೆನುವಿನಲ್ಲಿ ಆ ಅವಧಿಯನ್ನು 15 ನಿಮಿಷಕ್ಕೆ ಏರಿಸಿ. ಕ್ಯಾನನ್ ಬಿಆರ್-ಇ1ನಂಥ ಬ್ಲೂಟೂತ್ ರಿಮೋಟ್‌ಗೆ ದಿಕ್ಕಿನ ತೊಂದರೆ ಇಲ್ಲ. ಫೋನ್ ಆ್ಯಪ್ ಚೌಕಟ್ಟು ನೋಡಲು ಚೆನ್ನ, ಆದರೆ ವೈಫೈ ಕ್ಯಾಮೆರಾ ಬ್ಯಾಟರಿಯನ್ನು ಬೇಗ ಕುಡಿದುಬಿಡುತ್ತದೆ.

ಯಾವ ರಿಮೋಟ್ ಆದರೂ ಡಿಎಸ್‌ಎಲ್‌ಆರ್‌ನ ವ್ಯೂಫೈಂಡರ್ ಮುಚ್ಚಿ. ಕಣ್ಣಿಟ್ಟಿಲ್ಲದಾಗ ಹಿಂದಿನಿಂದ ನುಗ್ಗುವ ಬೆಳಕಿನಿಂದ ಬೆಳಕು ಅಳೆಯುವ ಮೀಟರ್ ಮೋಸಹೋಗಿ ಚಿತ್ರ ಕಪ್ಪಾಗುತ್ತದೆ. ಹಲವು ಕ್ಯಾನನ್ ಕುತ್ತಿಗೆ ಪಟ್ಟಿಗಳ ಮೇಲೆ ಇದಕ್ಕೆಂದೇ ರಬ್ಬರ್ ಮುಚ್ಚಳವೊಂದಿದೆ.