ಮೇಲ್ಮೈ ಮೇಲಿನ ಅಣು ಒಡೆಯೋಕೆ ಯಾವ್ದು ವಾಸಿ: ಲ್ಯಾಬ್ ಎಕ್ಸ್-ರೇ, ಎಲೆಕ್ಟ್ರಾನ್ ಗನ್, ಸಿಂಕ್ರೋಟ್ರಾನ್?

ಲೋಹದ ಮೇಲೆ ತೆಳ್ಳಗೆ ನೀರಿನ ಐಸ್ ಕೂರಿಸಿ ಬಾಂಡ್ (ಪರಮಾಣುಗಳ ನಡುವಿನ ಬಂಧ) ಹೇಗೆ ಒಡೆಯುತ್ತೆ ಅಂತ ನೋಡೋಕೆ ಈ ಮೂರನ್ನೂ ಬಳಸಿದೀನಿ (ಸಿಂಕ್ರೋಟ್ರಾನ್ ಅಂದ್ರೆ ವೇಗದ ಎಲೆಕ್ಟ್ರಾನ್‌ಗಳನ್ನ ಸುತ್ತಿಸಿ ಬೇಕಾದ ಶಕ್ತಿಯ ಎಕ್ಸ್-ರೇ ಕೊಡೋ ದೊಡ್ಡ ಯಂತ್ರ), ಹೊಸಬರು ಯಾವ್ದು ತಗೋಳ್ಳಿ ಅಂತ ಕೇಳ್ತಾನೇ ಇರ್ತಾರೆ, ಅದಕ್ಕೇ ಬರೀತಿದೀನಿ.

ಲ್ಯಾಬ್ ಟ್ಯೂಬಲ್ಲಿ ಅಲ್ಯೂಮಿನಿಯಂ ಆನೋಡ್ ಇದ್ರೆ ಫೋಟಾನ್ ಶಕ್ತಿ 1486.6 ಇವಿ (ಎಲೆಕ್ಟ್ರಾನ್‌ವೋಲ್ಟ್, ಶಕ್ತಿಯ ಅಳತೆ), ಮುಗೀತು, ಆಚೀಚೆ ತಿರುಗಿಸೋಕಾಗಲ್ಲ. ಆಕ್ಸಿಜನ್‌ನ 1ಎಸ್ (ತೀರಾ ಒಳಗಿನ ಕವಚದ) ಎಲೆಕ್ಟ್ರಾನ್ ಪೂರ್ತಿ ಹೊರಗೆ ಹಾರುತ್ತೆ, ಆ ಖಾಲಿ ಜಾಗಕ್ಕೆ ಮೇಲಿಂದ ಒಂದು ಇಳಿಯುತ್ತೆ, ಅದರ ಶಕ್ತೀಲಿ ಇನ್ನೊಂದು ಓಜೆ ಎಲೆಕ್ಟ್ರಾನ್ ಆಚೆ ಹೋಗುತ್ತೆ, ಉಳಿದ ಪಾಸಿಟಿವ್ ಚಾರ್ಜ್‌ಗಳು ಒಂದನ್ನೊಂದು ತಳ್ಳಿ ಬಾಂಡ್ ಕಿತ್ಕೊಳ್ಳುತ್ತೆ. 1978ರಲ್ಲಿ ನೋಟೆಕ್ ಮತ್ತು ಫೈಬಲ್‌ಮನ್ ಅನ್ನೋ ವಿಜ್ಞಾನಿಗಳು ಟೈಟೇನಿಯಂ ಆಕ್ಸೈಡ್‌ನಿಂದ ಆಕ್ಸಿಜನ್ ಅಯಾನು ಹಾರೋದನ್ನ ಓಜೆಯಿಂದ್ಲೇ ವಿವರಿಸಿದ್ರು. ಆದ್ರೆ ಟ್ಯೂಬಲ್ಲಿ ಯಾವ ಬಾಂಡ್ ಅಂತ ಆಯ್ಕೆ ನಮ್ಮ ಕೈಲಿಲ್ಲ, ಕೆಳಗಿನ ಲೋಹದಿಂದ ಎಕ್ಸ್-ರೇ ಬಡಿದು ಹುಟ್ಟೋ ಕಡಿಮೆ ಶಕ್ತಿಯ ಸೆಕೆಂಡರಿ ಎಲೆಕ್ಟ್ರಾನ್‌ಗಳ ಹಿಂಡೇ ಎದ್ದು ಬಂದು ಸಿಕ್ಕಿದ್ದನ್ನೆಲ್ಲ ಒಡೀತವೆ.

ಎಲೆಕ್ಟ್ರಾನ್ ಗನ್ ಆ ಹಿಂಡಿನ ಕೆಲಸವನ್ನಷ್ಟೇ ಬೇರೆ ಮಾಡಿ ತೋರಿಸುತ್ತೆ. ಕೆಲವೇ ಇವಿ ಇರೋ ಎಲೆಕ್ಟ್ರಾನ್ ಕೂಡ ಅಣುಗೆ ಅಂಟ್ಕೊಂಡು ಒಡೆಯಬಲ್ಲದು. ಬೀಮ್‌ಟೈಮ್ (ಸಿಂಕ್ರೋಟ್ರಾನ್ ಬಳಸೋಕೆ ಕೊಡೋ ಸಮಯ) ಸಿಗದೇ ಇದ್ರೆ ಇದೊಂದಿದ್ರೂ ತುಂಬ ಕಲೀಬೋದು.

ಸಿಂಕ್ರೋಟ್ರಾನ್‌ದೇ ಬೇರೆ ಲೆವೆಲ್, ನಿಜವಾಗ್ಲೂ. ಫೋಟಾನ್ ಎನರ್ಜಿಯನ್ನ 534-535 ಇವಿ ಆಸುಪಾಸು ಟ್ಯೂನ್ ಮಾಡಿದ್ರೆ ಅದೇ 1ಎಸ್ ಎಲೆಕ್ಟ್ರಾನ್ ಹೊರಗೆ ಹೋಗದೆ 4ಎ1 ಅನ್ನೋ ಆಂಟಿಬಾಂಡಿಂಗ್ (ಬಾಂಡನ್ನ ಸಡಿಲಿಸೋ) ಆರ್ಬಿಟಲ್‌ಗೆ ಏರಿ ಕೂರುತ್ತೆ, ಓ-ಎಚ್ ಬಾಂಡ್ ಆ ಕ್ಷಣದಿಂದ್ಲೇ ಎಳೆಯೋಕೆ ಶುರು. ಕೋರ್ ಹೋಲ್ (ಒಳಗೆ ಉಳಿದ ಖಾಲಿ ಜಾಗ) ಬದುಕೋದೇ ಸುಮಾರು 4 ಫೆಮ್ಟೋಸೆಕೆಂಡ್ (ಒಂದು ಅಂದ್ರೆ 10⁻¹⁵ ಸೆಕೆಂಡ್), ಭಾರದ ಪರಮಾಣು ಅಷ್ಟರಲ್ಲಿ ಮಿಸುಕೋದೂ ಕಷ್ಟ, ಹೈಡ್ರೋಜನ್ ಹಗುರ ಆದ್ರಿಂದ ಸಾಕಷ್ಟು ದೂರ ಸರಿದಿರುತ್ತೆ, ಹಾಗಾಗಿ ಮಾಸ್ ಸ್ಪೆಕ್ಟ್ರೋಮೀಟರಲ್ಲಿ ಪ್ರೋಟಾನ್ (ಒಡೆದು ಹಾರಿದ ಹೈಡ್ರೋಜನ್ ಅಯಾನು) ಸಿಗ್ನಲ್ ಆ ಎನರ್ಜೀಲಿ ಜಿಗಿಯುತ್ತೆ. ಭಾರಜಲ (ಹೈಡ್ರೋಜನ್ ಬದಲು ಅದರ ಎರಡರಷ್ಟು ಭಾರದ ಡ್ಯೂಟೀರಿಯಂ ಇರೋ ನೀರು) ಹಾಕಿದ್ರೆ ಅದೇ ಜಿಗಿತ ತಗ್ಗುತ್ತೆ, ಚಲನೆಯೇ ಕಾರಣ ಅನ್ನೋಕೆ ಇದಕ್ಕಿಂತ ಒಳ್ಳೆ ಸಾಕ್ಷಿ ನಂಗೆ ಸಿಕ್ಕಿಲ್ಲ!

ಆದ್ರೆ ಇಷ್ಟೆಲ್ಲ ಆಗೋದು ಐಸ್ ಹಲವು ಪದರ ಇದ್ದಾಗ. ಅಣು ನೇರ ಲೋಹಕ್ಕೇ ಅಂಟಿದ್ರೆ ಏರಿದ ಎಲೆಕ್ಟ್ರಾನ್ ಫೆಮ್ಟೋಸೆಕೆಂಡುಗಳಲ್ಲೇ ಲೋಹದೊಳಗೆ ಜಾರಿಬಿಡುತ್ತೆ, ಹೊರಟ ಅಯಾನೂ ನ್ಯೂಟ್ರಲ್ ಆಗಿಬಿಡುತ್ತೆ, ಸಿಗ್ನಲ್ ಬಿದ್ದೋಗುತ್ತೆ. ಕೆಳಗೆ ಏನಿದೆ ಅನ್ನೋದು ಫೋಟಾನ್‌ನಷ್ಟೇ ಮುಖ್ಯ, ಇದನ್ನ ಎಷ್ಟು ಜನ ಲೆಕ್ಕಕ್ಕೇ ತಗೊಳ್ಳಲ್ಲ.

ನನ್ನ ಆಯ್ಕೆ ಕೇಳಿದ್ರೆ, ಬಾಂಡ್ ಆರಿಸಿ ಒಡೀಬೇಕು ಅಂದ್ರೆ ಸಿಂಕ್ರೋಟ್ರಾನೇ, ಒಟ್ಟು ಡ್ಯಾಮೇಜ್ ಎಷ್ಟು ಅಂತಷ್ಟೇ ಬೇಕಿದ್ರೆ ಗನ್ ಸಾಕು, ಟ್ಯೂಬನ್ನ ನಾನು ಫೋಟೋಎಮಿಷನ್‌ಗೆ (ಹೊರಬಂದ ಎಲೆಕ್ಟ್ರಾನ್‌ಗಳ ಶಕ್ತಿ ಅಳೆಯೋಕೆ) ಮಾತ್ರ ಇಟ್ಕೊಂಡಿದೀನಿ. ಸಿಂಕ್ರೋಟ್ರಾನಲ್ಲೂ ಅಯಾನು ಯೀಲ್ಡನ್ನ (ಎಷ್ಟು ಹೊರಬಂತು ಅನ್ನೋ ಲೆಕ್ಕ) ಎಲೆಕ್ಟ್ರಾನ್ ಯೀಲ್ಡ್ ಪಕ್ಕ ಇಟ್ಟು ನೋಡಿ: ಫೋಟಾನ್ ಎನರ್ಜಿ ಬದಲಿಸ್ತಾ ಹೋದಾಗ ಎರಡರ ಗ್ರಾಫಿನ ಆಕಾರ ಒಂದೇ ಥರ ಬಂದ್ರೆ ಬಹುಪಾಲು ಒಡೀತಿರೋದು ಅದೇ ಸೆಕೆಂಡರಿ ಹಿಂಡು.